ಅಂಜುವ ಮುಧೋಳ ನಾಯಿಗೆ ಕ್ಲಿನಿಕ್ಕೋ, ದನದ ದವಾಖಾನೆಯೋ, ಮನೆಗೆ ಬರುವ ಡಾಕ್ಟರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮನೆಗೆ ಬರುವ ಡಾಕ್ಟರಿಗೆ. ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ನಾಯಿ ಮುಧೋಳ ತಳಿಯದು, ಹೆಸರು ಚಂದ್ರಿ. ಈ ತಳಿ ಸಾಕಿದವರಿಗೆ ಗೊತ್ತಿರುತ್ತದೆ, ಮನೆಯವರ ಜೊತೆ ಎಷ್ಟು ಸಲುಗೆಯೋ, ಹೊರಗಿನವರು ಮೈ ಮುಟ್ಟಿದರೆ ಅಷ್ಟೇ ಬಿಗಿ. ಚಂದ್ರಿ ಅದರಲ್ಲೂ ಒಂದು ಕೈ ಮೇಲು. ಸ್ಪಿರಿಟ್ ವಾಸನೆ ಬಂದರೆ ಸಾಕು, ಬಾಲ ಕಾಲ ಸಂದಿಗೆ ಹೋಗುತ್ತದೆ, ಮೈಯೆಲ್ಲಾ ನಡುಗುತ್ತದೆ. ಅವಳಿಗಾಗಿ ಮೂರೂ ದಾರಿ ನೋಡಿದ್ದಾಯಿತು.

ಖಾಸಗಿ ಕ್ಲಿನಿಕ್‌ನ ಡಾಕ್ಟರ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಕಾಯುವ ಜಾಗದ ಬಗ್ಗೆ. ಸಣ್ಣ ಕೋಣೆ, ಕಾಲು ಜಾರುವ ಟೈಲ್ಸ್, ಎದುರಿಗೆ ಒಂದೇ ಸಮನೆ ಬೊಗಳುವ ಲ್ಯಾಬ್ರಡಾರ್. ಬಾಗಿಲಲ್ಲೇ ಚಂದ್ರಿ ಹಿಂದಕ್ಕೆ ಜಗ್ಗಿದಳು. ಈ ತಳಿಯ ತಲೆ ಸಪೂರ, ಕೊರಳಿಗಿಂತ ಅಗಲವಿಲ್ಲ. ಪಟ್ಟಿ ಬಿಗಿಯಾಗಿಯೇ ಇತ್ತು, ಆದರೂ ಕಿವಿ ದಾಟಿ ಜಾರಿ ನನ್ನ ಕೈಯಲ್ಲಿ ಉಳಿಯಿತು. ಅವಳು ಓಡಿ ಹೋಗಿ ನಾವು ಬಂದ ಟಂಟಂನ ಸೀಟಿನ ಕೆಳಗೆ ತೂರಿಕೊಂಡಳು. ರಸ್ತೆ ಕಡೆ ಓಡಲಿಲ್ಲ, ಅದೇ ಪುಣ್ಯ. ಈಗ ಮಾರ್ಟಿಂಗೇಲ್ ಪಟ್ಟಿ ಹಾಕುತ್ತೇನೆ. ಜಗ್ಗಿದಾಗ ಅದು ತಾನೇ ಬಿಗಿಯಾಗುತ್ತದೆ, ತಲೆಯಿಂದ ಜಾರುವುದಿಲ್ಲ. ಮುಧೋಳ ನಾಯಿ ಇದ್ದವರು ಯಾವ ಡಾಕ್ಟರ ಹತ್ತಿರ ಹೋದರೂ ಸರಿ, ಇದನ್ನು ಮಾತ್ರ ಮೊದಲು ತಗೊಳ್ಳಿ.

ಅಂತೂ ಒಳಗೆ ಹೋಗಿ ಟೇಬಲ್ ಮೇಲೆ ನಿಲ್ಲಿಸಿ ಜ್ವರ ನೋಡಿದರೆ 103.4. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಭಯಕ್ಕೂ ಏದುಸಿರಿಗೂ ಮೈ ಬಿಸಿ ಏರುತ್ತದೆ, ಎದೆಬಡಿತ ಏರುತ್ತದೆ. ಆದರೆ ಟೇಬಲ್ ಮೇಲೆ ನಡುಗುತ್ತಿರುವ ನಾಯಿಗೆ ಇದು ಹೆದರಿಕೆಯೋ ನಿಜವಾದ ಜ್ವರವೋ ಅಂತ ಹೇಗೆ ಹೇಳುವುದು? ಡಾಕ್ಟರು ಲಸಿಕೆ ಮುಂದೂಡಿದರು. ಅವರು ಮಾಡಿದ್ದು ಸರಿಯೇ. ಸಂಜೆ ಮನೆಯಲ್ಲಿ ನಾನೇ ಥರ್ಮಾಮೀಟರ್ ಇಟ್ಟು ನೋಡಿದೆ, 101.6. ಅಲ್ಲಿಗೆ ನನಗೆ ಕ್ಲಿನಿಕ್ ಸಾಕೆನಿಸಿತು. ಕೊಟ್ಟ ದುಡ್ಡಿನದಲ್ಲ ಚಿಂತೆ. ಹೆದರಿದ ನಾಯಿಯ ಮೈ ಅಲ್ಲಿ ಸುಳ್ಳು ಲೆಕ್ಕ ತೋರಿಸುತ್ತದೆ.

ದನದ ದವಾಖಾನೆ ಕಿಸೆಗೆ ಹಗುರ. ಬಯಲು ಜಾಗ, ಆ ಇಕ್ಕಟ್ಟಿಲ್ಲ. ಆದರೆ ಎಮ್ಮೆ, ಹೋರಿ, ಆಡು ಎಲ್ಲಾ ಅಲ್ಲೇ ಬರುತ್ತವೆ, ಬರಲೇಬೇಕಲ್ವಾ. ಹೋರಿ ಒಮ್ಮೆ ಹೂಂಕರಿಸಿದರೆ ಚಂದ್ರಿಯ ಆ ದಿನ ಮುಗಿಯಿತು. ಧೈರ್ಯದ ನಾಯಿ ಇದ್ದವರು ಸುಮ್ನೆ ಅಲ್ಲಿಗೇ ಹೋಗಿ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುತ್ತಮುತ್ತ ಉಚಿತ ಲಸಿಕೆಯನ್ನೂ ವಿಚಾರಿಸಿ, ಗದ್ದಲ ಜಾಸ್ತಿ ಇರುತ್ತದೆ ಅಷ್ಟೇ.

1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಮುಖ್ಯವಾಗಿ ರೈತರ ದನಕರುಗಳಿಗೆ ಇರುವ ವ್ಯವಸ್ಥೆ. ವರ್ಷದ ಲಸಿಕೆಗೆ ಅದನ್ನು ಕರೆಯಲು ನನಗೆ ಮನಸ್ಸು ಬರಲಿಲ್ಲ.

ಇನ್ನು ಮನೆ ಭೇಟಿ. ಡಾಕ್ಟರು ಬಂದವರೇ ಚಂದ್ರಿಯ ಕಡೆ ನೋಡಲೂ ಇಲ್ಲ. ಪಡಸಾಲೆಯಲ್ಲಿ ಜಮಖಾನೆ ಮೇಲೆ ಗೋಡೆಗೆ ಒರಗಿ ಕೂತರು. "ನೀವೂ ಸುಮ್ನ ಕೂಡ್ರಿ, ಅದನ್ನ ಕರೀಬ್ಯಾಡ್ರಿ, ತಾನ ಬರ್ತೈತಿ" ಅಂದರು. ನಮ್ಮವ್ವನ ಜೊತೆ ಮಳೆ ಬೆಳೆ ಮಾತಾಡುತ್ತಾ ಬೇಯಿಸಿದ ಕೋಳಿ ಚೂರುಗಳನ್ನು ಪಕ್ಕಕ್ಕೆ ಎಸೆದರು. ಮೊದಲು ದೂರ, ಆಮೇಲೆ ಹತ್ತಿರ. ಚಂದ್ರಿ ಕೊರಳು ಉದ್ದ ಮಾಡಿ, ಹಿಂಗಾಲು ಅಲ್ಲೇ ಬಿಟ್ಟು, ಮುಂಗಾಲಷ್ಟೇ ಮುಂದಿಟ್ಟು ತಿಂದಳು. ಕಡೆಗೆ ಅವ್ವ ತಟ್ಟೆಯಲ್ಲಿ ಮೊಸರು ಇಟ್ಟಳು. ಅದನ್ನು ನೆಕ್ಕುತ್ತಿರುವಾಗಲೇ ಹೆಗಲ ಹತ್ತಿರ ಚರ್ಮ ಎತ್ತಿ ಸೂಜಿ ಹಾಕಿ ತೆಗೆದರು. ಅವಳು ತಟ್ಟೆ ಬಿಟ್ಟು ತಲೆ ಎತ್ತಲಿಲ್ಲ. ಅದಕ್ಕೆ ಮೊದಲು ನೋಡಿದ ಜ್ವರ 101.4.

ಎಲ್ಲಾ ಚೆಂದವೇ, ಒಂದು ಬಿಟ್ಟು. ಡಾಕ್ಟರು ಹೇಳಿದ ಹೊತ್ತಿಗೆ ಬರುವುದಿಲ್ಲ.

ಇದು ಸಣ್ಣ ಮಾತಲ್ಲ. ಉಗುರು ಕತ್ತರಿಸುವುದು, ರಕ್ತ ತೆಗೆಯುವುದು ಇದ್ದ ದಿನ ಮೊಸರಿನ ತಟ್ಟೆ ಸಾಲದು. ಅಂಥ ದಿನಕ್ಕೆ ಡಾಕ್ಟರು ಹೆದರಿಕೆ ತಗ್ಗಿಸುವ ಗ್ಯಾಬಾಪೆಂಟಿನ್ ಮಾತ್ರೆ ಬರೆದುಕೊಟ್ಟಿದ್ದಾರೆ, ತೂಕ ನೋಡಿ. ಅದನ್ನು ಭೇಟಿಗೆ ಸುಮಾರು ಎರಡು ತಾಸು ಮೊದಲು ಕೊಡಬೇಕು. ಕೆಲವೇ ತಾಸು ಅದರ ಆಟ, ಆಮೇಲೆ ಇಳಿಯುತ್ತದೆ. (ಮೆಡಿಕಲ್ ಅಂಗಡಿಯಲ್ಲಿ ಸಿಗುವ, ಇದೇ ಔಷಧದ ಮನುಷ್ಯರ ಸಿರಪ್ ಕೊಡಬೇಡಿ. ಕೆಲವದರಲ್ಲಿ ಸಿಹಿಗೆ ಹಾಕುವ ಝೈಲಿಟಾಲ್ ಇರುತ್ತದೆ, ಅದು ನಾಯಿಗೆ ವಿಷ.)

"ಐದಕ್ಕ ಬರ್ತೀನ್ರಿ" ಅಂದರು. ಮೂರಕ್ಕೆ ಮಾತ್ರೆ ಹಾಕಿದೆ. ಐದಕ್ಕೆ ಚಂದ್ರಿ ಕಣ್ಣು ಅರೆ ಮುಚ್ಚಿ ಸಮಾಧಾನವಾಗಿ ಮಲಗಿದ್ದಳು. ಅದೇ ಸರಿಯಾದ ಹೊತ್ತು. ಆರಕ್ಕೆ ಫೋನ್ ಮಾಡಿದರೆ ಗದ್ದನಕೇರಿ ಕಡೆ ಎಮ್ಮೆಯೊಂದು ಈಯಲು ಕಷ್ಟಪಡುತ್ತಿದೆ ಅಂದರು. ಅದನ್ನು ಬಿಟ್ಟು ಬನ್ನಿ ಅನ್ನಲು ಬಾಯಿ ಬರುತ್ತದಾ? ಅವರು ಬಂದಾಗ ಒಂಬತ್ತು ದಾಟಿತ್ತು, ಕರೆಂಟೂ ಹೋಗಿತ್ತು. ಅಷ್ಟರಲ್ಲಿ ಚಂದ್ರಿ ಪೂರ್ತಿ ಎಚ್ಚರ. ಟಾರ್ಚ್ ಬೆಳಕು, ಬ್ಯಾಗಿನ ಜಿಪ್ ಸದ್ದು, ಅಷ್ಟಕ್ಕೇ ಮಂಚದ ಕೆಳಗೆ ಸೇರಿದಳು. ಅದೇ ರಾತ್ರಿ ಇನ್ನೊಂದು ಮಾತ್ರೆ ಕೊಡುವ ಹಾಗಿಲ್ಲ. ಉಗುರು ಹಾಗೇ ಉಳಿಯಿತು, ಬಂದು ಹೋದ ಚಾರ್ಜು ಕೊಟ್ಟೆ.

ಮುಂದೆಯೂ ಸಂಜೆ ಕರೆದಾಗೆಲ್ಲ ಇದೇ ಪಾಡು. ಹೊರಡುವಾಗ ಫೋನ್ ಮಾಡಿ, ಆಗ ಮಾತ್ರೆ ಕೊಡುತ್ತೇನೆ ಅಂತ ಕೇಳಿನೋಡಿದೆ. ಅದೂ ಹೊಂದಲಿಲ್ಲ. ನವನಗರಕ್ಕೆ ಅವರು ಅರ್ಧ ತಾಸಿನಲ್ಲಿ ಬಂದುಬಿಡುತ್ತಾರೆ, ಮಾತ್ರೆಗೆ ಬೇಕಾದದ್ದು ಎರಡು ತಾಸು. ಕಡೆಗೆ ಉಳಿದದ್ದು ಒಂದೇ ದಾರಿ, ಬೆಳಗಿನ ಮೊದಲ ಭೇಟಿ. ಏಳೂವರೆಗೆ ಅವರು ಮನೆಯಿಂದ ನೇರ ಇಲ್ಲಿಗೇ ಬರಬೇಕು, ನಡುವೆ ಬೇರೆ ಕೇಸ್ ಇರಬಾರದು. ಐದೂವರೆಗೆ ಎದ್ದು ಮಾತ್ರೆ ಕೊಡುತ್ತೇನೆ. ಇದು ಕೂಡಿ ಬಂತು. ಬಿಸಿಲೂ ಏರಿರುವುದಿಲ್ಲ.

ಮನೆಗೆ ಕರೆಸುವವರು ಒಂದನ್ನು ಗಮನಿಸಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಬೈಕಿನ ಡಿಕ್ಕಿಯಿಂದ ತೆಗೆದರೆ ಬೇಡ ಅನ್ನಿ. ಐಸ್ ಬಾಕ್ಸ್ ನೋಡಿ, ಬಾಟಲಿಯ ಸ್ಟಿಕ್ಕರನ್ನು ಲಸಿಕೆ ಪುಸ್ತಕದಲ್ಲಿ ಅಂಟಿಸಿ ಸಹಿ ಹಾಕಿಸಿಕೊಳ್ಳಿ.

ಗೇಟಿಗೆ ಬಂದವರ ಮೇಲೆಲ್ಲಾ ಎಗರುವ ಕಾವಲು ನಾಯಿಗೆ ಮನೆ ಭೇಟಿ ಹೊಂದದೇ ಇರಬಹುದು. ಅದಕ್ಕೆ ಮನೆಯೇ ಕೋಟೆ.

ಆಪರೇಷನ್, ಎಕ್ಸ್‌ರೇ ಮನೆಯಲ್ಲಿ ಆಗುವ ಮಾತಲ್ಲ. ಮುಧೋಳದಂಥ ಸಪೂರ ಬೇಟೆನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಥಯೋಪೆಂಟಾಲ್‌ನಂಥ ಅರಿವಳಿಕೆ ಕೊಟ್ಟರೆ ಎಚ್ಚರವಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಚಂದ್ರಿಯ ಸಂತಾನಹರಣ ಆಪರೇಷನ್‌ಗೆ ಕ್ಲಿನಿಕ್‌ಗೇ ಹೋಗುತ್ತೇನೆ, ಮುಧೋಳ ತಳಿ ಅಂತ ಮೊದಲೇ ಹೇಳಿ. ಹಾವು ಕಡಿದರೆ, ವಿಷ ತಿಂದರೆ, ಹೊಟ್ಟೆ ಉಬ್ಬಿದರೆ ಯಾರ ದಾರಿಯನ್ನೂ ಕಾಯಬೇಡಿ, ಗಾಡಿ ಹತ್ತಿ.

ದುಡ್ಡಿನ ಲೆಕ್ಕ ನನ್ನದು ಹೀಗೆ. ಕ್ಲಿನಿಕ್ ಫೀ 300, ನಾಯಿ ಇದೆ ಅಂತ ಟಂಟಂ ಪೂರ್ತಿ ಬಾಡಿಗೆ ಹಿಡಿದರೆ ಹೋಗಿ ಬರಲು 250. ಮನೆ ಭೇಟಿಗೆ 700, ಲಸಿಕೆ ದುಡ್ಡು ಎರಡೂ ಕಡೆ ಬೇರೆ. 150 ರೂಪಾಯಿ ಜಾಸ್ತಿ ಬೀಳುತ್ತದೆ, ನಾನು ಕೊಡುತ್ತೇನೆ. ಸ್ವಂತ ಕಾರು ಇದ್ದವರಿಗೆ ಈ ಅಂತರ ದೊಡ್ಡದಾಗಿ ಕಾಣಬಹುದು. ಪಕ್ಕದ ಮನೆಯಲ್ಲೂ ನಾಯಿ ಇದ್ದರೆ ಇಬ್ಬರೂ ಸೇರಿ ಒಂದೇ ಬೆಳಿಗ್ಗೆ ಕರೆಸಿ. ನಮ್ಮ ಡಾಕ್ಟರು ಒಂದು ಓಣಿಗೆ ಒಂದೇ ಭೇಟಿ ಚಾರ್ಜು ತಗೊಳ್ಳುತ್ತಾರೆ, ನಿಮ್ಮವರನ್ನೂ ಕೇಳಿನೋಡಿ.