ಬಿಎಸ್6 ಡೀಸೆಲ್‌ಗೆ ಹೊರಗಿನ ಪಿಟಿ200 ಸೆನ್ಸರ್: ಎರಡು ಮಳೆಗಾಲ ಕಳೆದ ಮೇಲೆ

ಮೂರೂವರೆ ಸ್ಟಾರ್. ತುದಿಯೊಳಗಿನ ಪ್ಲಾಟಿನಂಗೆ ಐದಕ್ಕೆ ಐದು ಕೊಡಬಹುದು. ಅದರ ಬಾಲಕ್ಕೆ, ಅಂದರೆ ವಯರು ಮತ್ತು ಕನೆಕ್ಟರಿಗೆ, ಎರಡು ಕೊಟ್ಟರೆ ಹೆಚ್ಚು. ಕಂಪನಿಯದಲ್ಲದ, ಎರಡು ವಯರಿನ ಪಿಟಿ200 ಎಕ್ಸಾಸ್ಟ್ ಟೆಂಪರೇಚರ್ ಸೆನ್ಸರ್, ಅಂದರೆ ಹೊಗೆಯ ಬಿಸಿ ಅಳೆಯುವ ಸೆನ್ಸರ್ ಇದು. ಎಂ14 ಥ್ರೆಡ್, ಕೂತಿರುವುದು ಡಿಪಿಎಫ್‌ಗೆ (ಹೊಗೆಯ ಮಸಿ ಹಿಡಿಯುವ ಫಿಲ್ಟರಿಗೆ) ಮುಂಚಿನ ಜಾಗದಲ್ಲಿ, ಬಿಎಸ್6 ಪಿಕಪ್ ಗಾಡಿಯಲ್ಲಿ.

ಇದನ್ನು ಕೊಳ್ಳುವವರಲ್ಲಿ ಎಷ್ಟೋ ಜನಕ್ಕೆ ಇದು ಬೇಕಾಗಿರುವುದೇ ಇಲ್ಲ. ಸ್ಕ್ಯಾನರಿನಲ್ಲಿ ಪಿ0546 ಅಥವಾ ಪಿ2033 ಎಂಬ ದೋಷದ ಕೋಡು ಕಂಡ ಕೂಡಲೇ ಆರ್ಡರ್ ಹೋಗಿಬಿಡುತ್ತದೆ. ಲಾರಿಯಾದರೆ ಅದೇ ಜಾತಿಯ ಎಸ್‌ಪಿಎನ್ 3242, ಎಫ್‌ಎಂಐ 3 ಕೋಡು. ಈ ಕೋಡುಗಳು ಹೇಳುವುದು ಸಿಗ್ನಲ್ ವೋಲ್ಟೇಜ್ ಮಿತಿ ಮೀರಿದೆ ಎಂದಷ್ಟೇ. ವಯರು ತುಂಡಾದರೂ, ಪಿನ್ನಿಗೆ ಕಿಲುಬು ಹಿಡಿದರೂ, ಇಲಿ ಕಡಿದರೂ ಅದೇ ಕೋಡು.

ಎರಡು ನಿಮಿಷದ ಪರೀಕ್ಷೆಯೊಂದಿದೆ. ಇಗ್ನಿಷನ್ ಆಫ್ ಮಾಡಿ ಸೆನ್ಸರಿನ ಕನೆಕ್ಟರ್ ಬಿಚ್ಚಿ, ಮತ್ತೆ ಆನ್ ಮಾಡಿ. ಗಾಡಿ ಕಡೆಯ ಎರಡು ಪಿನ್ನಿನ ನಡುವೆ ಸುಮಾರು 5 ವೋಲ್ಟ್ ಬರಬೇಕು. ನಂತರ ಆ ಎರಡು ಪಿನ್ನುಗಳನ್ನು ಚಿಕ್ಕ ವಯರಿನಿಂದ ಜೋಡಿಸಿ. ಪಿ0546 ಹೋಗಿ ಪಿ0545 (ವೋಲ್ಟೇಜ್ ಕಡಿಮೆ ಎನ್ನುವ ಕೋಡು) ಬಂದರೆ ಎಂಜಿನ್ ಕಂಪ್ಯೂಟರಾದ ಇಸಿಯು ಸರಿ, ಅಲ್ಲಿಂದ ಬರುವ ವಯರಿನ ಕಟ್ಟು, ಅಂದರೆ ಹಾರ್ನೆಸ್ಸೂ ಸರಿ. ಆಗ ಸೆನ್ಸರ್ ಮೇಲೆ ಅನುಮಾನಪಡಿ. ಕೋಡು ಬದಲಾಗದಿದ್ದರೆ ಹೊಸ ಸೆನ್ಸರ್ ಹಾಕಿಯೂ ಪ್ರಯೋಜನವಿಲ್ಲ. ಇಲ್ಲಿ ಸ್ಕ್ಯಾನರ್ ತೋರಿಸುವ ಡಿಗ್ರಿಯನ್ನು ನಂಬಬೇಡಿ. ಸರ್ಕ್ಯೂಟ್ ಕೆಟ್ಟಾಗ ಎಷ್ಟೋ ಇಸಿಯುಗಳು ತಾವೇ ಒಂದು ಬದಲಿ ಅಂಕಿ ಹಾಕಿಕೊಂಡು ಕೂರುತ್ತವೆ.

ಸೆನ್ಸರನ್ನೇ ಅಳೆಯುವುದಾದರೆ, ಪಿಟಿ200 ಎಂದರೆ 0 ಡಿಗ್ರಿಯಲ್ಲಿ 200 ಓಮ್, 25ರಲ್ಲಿ ಸುಮಾರು 220. ಕುದಿಯುವ ನೀರಿನಲ್ಲಿ ತುದಿ ಅದ್ದಿದರೆ ಮಂಗಳೂರಿನಲ್ಲಿ 277ರ ಆಸುಪಾಸು ಬರಬೇಕು. ಬೆಂಗಳೂರಿನ ಎತ್ತರದಲ್ಲಿ ನೀರು 97ಕ್ಕೇ ಕುದಿಯುವುದರಿಂದ 275 ಬಂದರೆ ಗಾಬರಿ ಬೇಡ. ಆದರೆ ತಣ್ಣಗಿದ್ದಾಗ ಸರಿ ತೋರಿಸಿದ ಮಾತ್ರಕ್ಕೆ ಪಾಸ್ ಮಾಡಬಾರದು. ಒಳಗಿನ ಬಿರುಕು ಬಿಸಿಯಲ್ಲೇ ಬಾಯಿ ಬಿಡುವುದು. ಹಾಟ್ ಏರ್ ಗನ್ನಿನಿಂದ ಕಾಯಿಸುತ್ತಾ, ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟುತ್ತಾ ಮೀಟರ್ ನೋಡಿ. ಓಮ್ ಒಂದೇ ಸಮನೆ ಏರಬೇಕು. ನಡುವೆ ಒಮ್ಮೆ ಓಪನ್ (ಸಂಪರ್ಕವೇ ಇಲ್ಲ) ಎಂದು ಜಿಗಿದರೂ ಅದರ ಕಥೆ ಮುಗಿದಂತೆ. ಎರಡೂ ಪಿನ್ನುಗಳಿಂದ ಲೋಹದ ಮೈಗೆ ಸಂಪರ್ಕ ಇರಕೂಡದು.

ಅಳತೆಯ ವಿಷಯದಲ್ಲಿ ಈ ಸೆನ್ಸರ್ ನಂಬಿಕಸ್ಥ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಇಗ್ನಿಷನ್ ಮಾತ್ರ ಹಾಕಿ ನೋಡಿದರೆ ಇದರ ಅಂಕಿ, ಕೂಲಂಟ್, ಎಂಜಿನ್ ಒಳಗೆಳೆಯುವ ಗಾಳಿಯ ಅಂಕಿ ಮೂರೂ ಇವತ್ತಿಗೂ ಹತ್ತಿರ ಹತ್ತಿರವೇ ಇರುತ್ತವೆ. 10-15 ಡಿಗ್ರಿಗಿಂತ ಹೆಚ್ಚು ದೂರವಾದಾಗ ಮಾತ್ರ ಹುಡುಕಾಟ ಶುರು ಮಾಡಿ. ರೀಜೆನ್ (ಡಿಪಿಎಫ್‌ನ ಮಸಿ ಸುಟ್ಟು ಶುಚಿ ಮಾಡುವ ಕ್ರಿಯೆ) ವೇಳೆ ಡಿಪಿಎಫ್ ಮುಂದೆ 550ರಿಂದ 650ರವರೆಗೆ ಏರುತ್ತದೆ, ಅಲ್ಲೂ ತಡವರಿಕೆಯಿಲ್ಲ.

ಇನ್ನು ಬಾಲದ ಪುರಾಣ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಕನೆಕ್ಟರಿನ ರಬ್ಬರ್ ಸೀಲ್ ಸಡಿಲವಾಗಿ ಪಿನ್ನಿಗೆ ಹಸಿರು ಕಿಲುಬು ಬಂತು. ಇಂಥ ಕಡೆ 10 ಓಮ್ ಹೆಚ್ಚುವರಿ ತಡೆ ಸೇರಿದರೆ ಇಸಿಯುಗೆ ಸುಮಾರು 13 ಡಿಗ್ರಿ ಹೆಚ್ಚು ಕಾಣುತ್ತದೆ, ಯಾಕೆಂದರೆ ಪಿಟಿ200ರಲ್ಲಿ ಒಂದು ಡಿಗ್ರಿಗೆ ಮುಕ್ಕಾಲು ಓಮ್ ಅಷ್ಟೇ ವ್ಯತ್ಯಾಸ. ಕಾಂಟ್ಯಾಕ್ಟ್ ಕ್ಲೀನರ್, ಸ್ವಲ್ಪ ಡೈಎಲೆಕ್ಟ್ರಿಕ್ ಗ್ರೀಸ್ (ತೇವ ತಡೆಯುವ, ವಿದ್ಯುತ್ ಹರಿಸದ ಗ್ರೀಸ್) ಹಾಕಿದ ಮೇಲೆ ಸರಿಹೋಯಿತು. ಪ್ರೆಶರ್ ವಾಷ್ ಗನ್ನನ್ನು ನೇರ ಅಲ್ಲಿಗೇ ಹಿಡಿಯುವ ಸರ್ವೀಸ್ ಹುಡುಗರನ್ನು ತಡೆಯುವುದು ಇದಕ್ಕಿಂತ ದೊಡ್ಡ ಕೆಲಸ. ವಯರಿನ ಮೇಲಿನ ಫೈಬರ್ ಕವಚ ಗಿಡ್ಡ, ಹಾಗಾಗಿ ಪೈಪಿಗೆ ತಾಗದಂತೆ ಕ್ಲಿಪ್ ಬೇರೆಯೇ ಹಾಕಬೇಕು.

ಹಾಕುವಾಗ ನಿಕ್ಕಲ್ ಆಂಟಿಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಥ್ರೆಡ್‌ಗೆ ಮಾತ್ರ, ತುದಿಗೆ ತಾಗಿಸಬೇಡಿ. ಟಾರ್ಕ್ ಸಾಮಾನ್ಯವಾಗಿ 30ರಿಂದ 45 ನ್ಯೂಟನ್ ಮೀಟರ್, ಗಾಡಿಯ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ. ಹಳೆಯದನ್ನು ಬಿಚ್ಚುವಾಗ ಪೈಪು ಬೆಚ್ಚಗಿರಲಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಿರಿ, ವಯರು ಹೊರಬರಲು ಪಕ್ಕದಲ್ಲಿ ಸೀಳಿರುವ ಸಾಕೆಟ್ ಬಳಸಿ. ನಟ್ಟಿನ ಜೊತೆ ವಯರೂ ತಿರುಗಿದರೆ ಒಳಗೇ ತಿರುಚಿ ತುಂಡಾಗುತ್ತದೆ.

ಸೆನ್ಸರ್ ಬದಲು 220 ಓಮ್ ರೆಸಿಸ್ಟರ್ ಸಿಕ್ಕಿಸಿ ಲೈಟ್ ಆರಿಸಿಕೊಡುವವರು ಸಿಗುತ್ತಾರೆ. ಎಂಜಿನ್ ಕಾದರೂ ಅಂಕಿ 25ರಲ್ಲೇ ನಿಂತರೆ ಇಸಿಯು ಬೇರೆ ಕೋಡು ಹಾಕುತ್ತದೆ, ರೀಜೆನ್ ನಿಲ್ಲುತ್ತದೆ, ಮಸಿ ಕಟ್ಟಿ ಗಾಡಿ ಲಿಂಪ್ ಮೋಡಿಗೆ (ಶಕ್ತಿ ಕಡಿಮೆ ಮಾಡಿಕೊಂಡ ಓಟಕ್ಕೆ) ಇಳಿಯುತ್ತದೆ. ಡಿಪಿಎಫ್ ಬೆಲೆಯಲ್ಲಿ ಇಂಥ ಸೆನ್ಸರ್ ಎಷ್ಟು ಬರುತ್ತವೆ ಎಂದು ಅಂಗಡಿಯಲ್ಲೇ ಕೇಳಿ ನೋಡಿ.

ಕೊಳ್ಳುವಾಗ ಮಲ್ಟಿಮೀಟರ್ ಜೊತೆಗಿರಲಿ. ಕನೆಕ್ಟರ್ ಒಂದೇ ತರಹ ಇದ್ದರೂ ಒಳಗಿನ ಜಾತಿ ಬೇರೆ ಇರಬಹುದು. ಕೌಂಟರಿನಲ್ಲೇ 220ರ ಆಸುಪಾಸು ಬಂದರೆ ಪಿಟಿ200. ಸಾವಿರಾರು ಓಮ್ ಬಂದರೆ ಎನ್‌ಟಿಸಿ (ಬಿಸಿಯಾದಂತೆ ಓಮ್ ಇಳಿಯುವ ಜಾತಿ), ಬರೀ ಕೆಲವು ಓಮ್ ಬಂದರೆ ಥರ್ಮೋಕಪಲ್ (ಬಿಸಿಗೆ ತಾನೇ ಚಿಕ್ಕ ವೋಲ್ಟೇಜ್ ಹುಟ್ಟಿಸುವ ಜಾತಿ). ತುದಿಯ ಉದ್ದವನ್ನೂ ಹಳೆಯದರ ಪಕ್ಕ ಇಟ್ಟು ನೋಡಿ. ಗಿಡ್ಡವಾದರೆ ಪೈಪಿನ ಗೋಡೆಯ ಹತ್ತಿರದ ತಂಪು ಗಾಳಿಯನ್ನೇ ಅಳೆಯುತ್ತಾ ಕೂರುತ್ತದೆ.