ರಜೆಗೆ ಹೊರಡುವ ಮುಂಚೆ ಬಾಗಿಲ ಚಿಲಕ ಒಮ್ಮೆ ಅಲ್ಲಾಡಿಸಿ ನೋಡಿ

ರಜೆ ಹತ್ತಿರ ಬಂತು. ಎಲ್ಲರೂ ಟಿಕೆಟ್, ಬ್ಯಾಗು ಅಂತ ಗಡಿಬಿಡಿಯಲ್ಲಿರುತ್ತೀರಿ. ಅದರ ನಡುವೆ ಇದನ್ನೊಂದು ಓದಿಬಿಡಿ. ಕಳೆದ ರಜೆಯಲ್ಲಿ ನಾವು ಊರಲ್ಲಿಲ್ಲದಾಗ ನಮ್ಮ ಮನೆಗೆ ಕಳ್ಳರು ನುಗ್ಗಿದರು. ಒಂದಿಷ್ಟು ಚಿನ್ನ, ನಗದು, ಲ್ಯಾಪ್‌ಟಾಪ್, ಟ್ಯಾಬ್ ಹೋಯಿತು. ಹೋದದ್ದರ ಗೋಳು ಬೇಡ. ಅವರು ಒಳಗೆ ಬಂದದ್ದು ಹೇಗೆ ಅಂತ ಹೇಳಬೇಕು, ಯಾಕಂದರೆ ನಿಮ್ಮ ಮನೆಯ ಬಾಗಿಲೂ ಹೆಚ್ಚುಕಡಿಮೆ ನಮ್ಮದರ ಹಾಗೇ ಇರುತ್ತದೆ.

ಬೀಗ ಒಡೆದಿರಲೇ ಇಲ್ಲ. ಒಳ್ಳೆ ಗಟ್ಟಿ ಬೀಗ, ಹಾಕಿದ್ದು ಹಾಕಿದ ಹಾಗೇ ಬಾಗಿಲ ಮುಂದೆ ಬಿದ್ದಿತ್ತು. ಜೊತೆಗೆ ಚಿಲಕ, ಅದರ ಪಟ್ಟಿ, ನಾಲ್ಕು ಸ್ಕ್ರೂ. ಪಟ್ಟಿಯ ಸಂದಿಗೆ ಕಬ್ಬಿಣದ ಸಲಾಕೆ ತೂರಿಸಿ ಒಮ್ಮೆ ಮೀಟಿದ್ದಾರೆ, ಇಡೀ ಚಿಲಕವೇ ಕಿತ್ತು ಬಂದಿದೆ. ಪೊಲೀಸರು ನೋಡಿ ಹೋದಮೇಲೆ ಒಂದು ಸ್ಕ್ರೂ ಕೈಗೆತ್ತಿಕೊಂಡೆ. ಅರ್ಧ ಇಂಚಿಗಿಂತ ಉದ್ದ ಇರಲಿಕ್ಕಿಲ್ಲ. ತುದಿಯಲ್ಲಿ ಚೂರು ಮರದ ಪುಡಿ ಅಂಟಿತ್ತು, ಅಷ್ಟೇ ಅದು ಹಿಡಿದುಕೊಂಡಿದ್ದ ಮರ. ರಿಪೇರಿಗೆ ಬಂದ ಬಡಗಿ ಹೇಳಿದ್ದು ಒಂದೇ ಮಾತು: “ಬೀಗ ಎಷ್ಟು ದೊಡ್ಡದಾದ್ರೇನು ಸಾರ್, ಅದು ನೇತಾಡ್ತಿರೋದು ಈ ಸ್ಕ್ರೂ ಮೇಲೆ ಅಲ್ವಾ?”

ಹಾಗಾಗಿ ಬೀಗಕ್ಕೆ ದುಡ್ಡು ಸುರಿಯುವ ಮುಂಚೆ ಚಿಲಕವನ್ನು ನೋಡಿ. ಪಟ್ಟಿಯ ಸ್ಕ್ರೂ ತಲೆಗಳು ಹೊರಗಿನಿಂದ ಕಾಣುತ್ತಿದ್ದರೆ ಬೀಗ ಮುಟ್ಟದೆಯೇ ಬಿಚ್ಚಬಹುದು. ಸ್ಕ್ರೂ ಬದಲು ಬಾಗಿಲ ಆಚೆಯಿಂದ ಈಚೆಗೆ ಹಾಯುವ ಬೋಲ್ಟ್ ಹಾಕಿಸಿ, ನಟ್ ಒಳಗಡೆ ಬರಲಿ. ಬಾಗಿಲೊಳಗೇ ಕೂರುವ ಲಾಕ್ ಆದರೆ ಅದರ ನಾಲಿಗೆ ಕಡೇಪಕ್ಷ 1 ಇಂಚು ಆಚೆ ಬರಬೇಕು. ಆ ನಾಲಿಗೆ ಹೋಗಿ ಕೂರುವ ತಗಡಿಗೆ, ಅಂದರೆ ಚೌಕಟ್ಟಿನ ಕಡೆಗೆ, 3 ಇಂಚಿನ ಸ್ಕ್ರೂ ಬೇಕು. ಲಾಕಿನ ಜೊತೆ ಡಬ್ಬದಲ್ಲಿ ಬರುವ ಪುಟಾಣಿ ಸ್ಕ್ರೂಗಳನ್ನು ನಂಬಬೇಡಿ. ನನ್ನ ಮಟ್ಟಿಗೆ ಒಳಗಿನ ಲಾಕೇ ಮೇಲು. ಹೊರಗೆ ನೇತಾಡುವ ಬೀಗ ದಾರಿಹೋಕರಿಗೆಲ್ಲ ‘ಮನೇಲಿ ಯಾರೂ ಇಲ್ಲ’ ಅಂತ ಬೋರ್ಡು ಹಾಕಿದ ಹಾಗೆ.

ಕ್ಯಾಮೆರಾ ಇರಲಿಲ್ವಾ ಅಂತ ಕೇಳುತ್ತೀರಿ. ಇತ್ತು. ಬಂದವರು ಮೊದಲು ಹೋಗಿದ್ದೇ ಹೊರಗಿನ ಮೀಟರ್ ಬೋರ್ಡಿನ ಹತ್ತಿರ. ಮೇನ್ ಸ್ವಿಚ್ ಕೆಳಗಿಳಿಸಿದ ಕೂಡಲೇ ವೈಫೈ ಸತ್ತಿತು, ಕ್ಯಾಮೆರಾ ಕುರುಡಾಯಿತು. ನನ್ನ ಫೋನಿಗೆ ‘ಕ್ಯಾಮೆರಾ ಆಫ್‌ಲೈನ್’ ಅಂತ ಮೆಸೇಜು ಬಂದಿದೆ. ಮಧ್ಯರಾತ್ರಿ ಅಂಥ ಮೆಸೇಜು ಬಂದರೆ ಕರೆಂಟ್ ಹೋಗಿದೆ ಅಂತಲೇ ಯಾರಿಗಾದರೂ ಅನಿಸುತ್ತದೆ. ಈಗ ರೂಟರ್‌ಗೂ ಕ್ಯಾಮೆರಾಗೂ ಸಣ್ಣ ಯುಪಿಎಸ್ ಇಟ್ಟಿದ್ದೇವೆ, ಒಂದೆರಡು ತಾಸಿಗೆ ಸಾಕು. ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡ್ ಇದ್ದರೂ ರೆಕಾರ್ಡಿಂಗ್ ಇಂಟರ್ನೆಟ್‌ಗೆ ಹೋಗುವಂತೆ ಮಾಡಿಕೊಳ್ಳಿ, ಏಕೆಂದರೆ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋಗುವವರಿದ್ದಾರೆ. ರೆಕಾರ್ಡಿಂಗ್ ಉಳಿಸಿಡುವ ಡಿವಿಆರ್ ಪೆಟ್ಟಿಗೆ ಇದ್ದರೆ ಟಿವಿ ಪಕ್ಕ ಇಡಬೇಡಿ, ಅದನ್ನೂ ಹೊತ್ತೊಯ್ಯುತ್ತಾರೆ.

ಇನ್ನೊಂದು ಚಾಲಾಕಿತನ ನೋಡಿ. ಸದ್ದಿಗೆ ಪಕ್ಕದ ಮನೆಯ ಅಜ್ಜಿಗೆ ಎಚ್ಚರವಾಗಿದೆ. ಏನಪ್ಪಾ ಅಂತ ಬಾಗಿಲು ತೆಗೆಯಲು ಹೋದರೆ ತೆಗೆಯಲು ಬರುತ್ತಿಲ್ಲ. ಹೊರಗಿನಿಂದ ಚಿಲಕ ಹಾಕಿಬಿಟ್ಟಿದ್ದಾರೆ! ಪಾಪ, ಅವರು ಕಿಟಕಿಯಿಂದಲೇ ಕೂಗಿ ಗಲಾಟೆ ಮಾಡಿದ್ದಕ್ಕೆ ಕಳ್ಳರು ಹಿಂದಿನ ಬಾಗಿಲಿಂದ ಓಡಿದರು. ಇಲ್ಲದಿದ್ದರೆ ಒಳಗಿನ ರೂಮಿನ ಬೀರುವೂ ಖಾಲಿಯಾಗುತ್ತಿತ್ತು. ನೀವು ಮನೆಯಲ್ಲೇ ಇದ್ದರೂ ಹೊರಗಿನ ಚಿಲಕ ಯಾರೂ ಸುಮ್ನೆ ಬಂದು ಜಾರಿಸುವಂತಿರಬಾರದು. ಚಿಲಕ ತೆರೆದ ಸ್ಥಿತಿಯಲ್ಲೇ ಅದಕ್ಕೊಂದು ಚಿಕ್ಕ ಬೀಗ ಹಾಕಿಟ್ಟರೆ ಮುಗಿಯಿತು.

ಮನೆ ಖಾಲಿ ಅಂತ ಅವರಿಗೆ ಗೊತ್ತಾಗಿದ್ದು ಹೇಗೆ? ಖಚಿತವಾಗಿ ಹೇಳಲಾರೆ. ಆದರೆ ನಾವು ಹೊರಟಮೇಲೆ ಗೇಟಿಗೆ ಯಾರೋ ಒಂದು ಜಾಹೀರಾತು ಚೀಟಿ ಸಿಕ್ಕಿಸಿದ್ದರಂತೆ, ಅದು ದಿನಗಟ್ಟಲೆ ಅಲ್ಲೇ ಇತ್ತಂತೆ. ಇದು ಹಳೇ ಉಪಾಯ. ಚೀಟಿ ಯಾರೂ ತೆಗೆಯದಿದ್ದರೆ ಒಳಗೆ ಜನ ಇಲ್ಲ ಅಂತ ಲೆಕ್ಕ. ಪೇಪರ್, ಕೊರಿಯರ್, ಬಾಗಿಲ ಮುಂದಿನ ತರಗೆಲೆ, ಎಲ್ಲವೂ ಇದೇ ಸುದ್ದಿ ಹೇಳುತ್ತವೆ. ಹಗಲಲ್ಲೂ ಉರಿಯುವ ಒಂಟಿ ಬಲ್ಬು ಇವೆಲ್ಲಕ್ಕಿಂತ ಜಾಸ್ತಿ ಹೇಳುತ್ತದೆ. ಟೈಮರ್ ಪ್ಲಗ್ ಹಾಕಿ, ಬೇರೆ ಬೇರೆ ರೂಮಿನ ದೀಪ ಬೇರೆ ಬೇರೆ ಹೊತ್ತಿಗೆ ಹತ್ತಿ ಆರಲಿ. ಅದಕ್ಕಿಂತ ಮುಖ್ಯ, ದಿನಾ ಒಮ್ಮೆ ಗೇಟು ತೆರೆದು ನೋಡುವ ಒಬ್ಬ ನೆರೆಯವರು. ಅವರಿಗೆ ಯಾವ ಕ್ಯಾಮೆರಾನೂ ಸಮ ಅಲ್ಲ. ಪ್ರವಾಸದ ಫೋಟೊ ವಾಪಸ್ ಬಂದಮೇಲೆ ಹಾಕಿ, ಲೈಕು ಎಲ್ಲಿಗೂ ಓಡಿಹೋಗುವುದಿಲ್ಲ.

ಗ್ಯಾಸ್ ಮತ್ತು ನೀರಿನ ವಾಲ್ವ್ ಬಂದ್ ಮಾಡಿ, ಅಲಂಕಾರದ ಸೀರಿಯಲ್ ಲೈಟಿನ ಪ್ಲಗ್ ಕಿತ್ತಿಟ್ಟು ಹೊರಡಿ. ಏಣಿ ಹೊರಗೆ ಬಿಡಬೇಡಿ.

ಇಷ್ಟಾದರೂ ಕಳ್ಳತನ ಆಗಿಬಿಟ್ಟರೆ ಒಳಗೆ ನುಗ್ಗಬೇಡಿ, ಯಾರಾದರೂ ಇನ್ನೂ ಇರಬಹುದು. ನಮ್ಮ ಮನೆಯ ಡ್ರಾಯರ್‌ಗಳೆಲ್ಲ ಮೇಲಿಂದ ಕೆಳಗಿನವರೆಗೆ ತೆರೆದೇ ಇದ್ದವು. ಕಳ್ಳರು ಕೆಳಗಿನಿಂದ ಶುರು ಮಾಡಿದರೆ ಒಂದೊಂದನ್ನೂ ಮುಚ್ಚುತ್ತಾ ಹೋಗಬೇಕಿಲ್ಲವಂತೆ, ಪೊಲೀಸಿನವರೇ ತೋರಿಸಿದರು. ಅದನ್ನೆಲ್ಲ ನೋಡಿದಾಗ ತಕ್ಷಣ ಎತ್ತಿಡೋಣ ಅನಿಸುತ್ತದೆ. ಬೇಡ, ಬೆರಳಚ್ಚು ಅಳಿದುಹೋಗುತ್ತದೆ. ಚೆಕ್ ಬುಕ್, ಕಾರ್ಡುಗಳನ್ನು ಮಾತ್ರ ಅಲ್ಲೇ ನಿಂತು ಬ್ಲಾಕ್ ಮಾಡಿಸಿ.

ಇನ್ಶೂರೆನ್ಸ್ ಇದ್ದವರು ಪಾಲಿಸಿಯನ್ನು ಹೊರಡುವ ಮುಂಚೆಯೇ ಓದಿಕೊಳ್ಳಿ. ಮನೆ ಇಂತಿಷ್ಟು ದಿನಕ್ಕಿಂತ ಹೆಚ್ಚು ಸತತವಾಗಿ ಖಾಲಿ ಇದ್ದರೆ ಕಳ್ಳತನಕ್ಕೆ ಪರಿಹಾರ ಇಲ್ಲ ಅನ್ನುವ ಷರತ್ತು ಹಲವು ಪಾಲಿಸಿಗಳಲ್ಲಿರುತ್ತದೆ. ನಗದಿಗೆ, ಒಡವೆಗೆ ಬೇರೆಯೇ ಮಿತಿ. ಬಿಲ್ ಕೇಳುತ್ತಾರೆ, ಫೋಟೊ ಕೇಳುತ್ತಾರೆ. ಬೆಲೆಬಾಳುವ ಸಾಮಾನುಗಳನ್ನೆಲ್ಲ ಫೋನಿನಲ್ಲಿ ವಿಡಿಯೊ ಮಾಡಿ, ಸೀರಿಯಲ್ ನಂಬರ್ ಬರೆದು, ಎರಡನ್ನೂ ನಿಮಗೇ ಮೇಲ್ ಮಾಡಿಕೊಳ್ಳಿ. ಫೋನಾದರೆ *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರ್, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ. ನಮ್ಮ ಲ್ಯಾಪ್‌ಟಾಪಿನ ನಂಬರ್ ಅಟ್ಟದ ಮೇಲಿದ್ದ ಅದರ ಹಳೇ ಡಬ್ಬದಲ್ಲಿ ಸಿಕ್ಕಿತು. ಟ್ಯಾಬಿನದು ಎಲ್ಲೂ ಸಿಗಲಿಲ್ಲ, ದೂರಿನಲ್ಲಿ ‘ಕಪ್ಪು ಬಣ್ಣದ ಟ್ಯಾಬ್ ಒಂದು’ ಅಂತಷ್ಟೇ ಬರೆದುಕೊಂಡರು.