ಬ್ಯಾಕಪ್‌ಗೆ ಯಾವುದು: ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿನಾ, ನ್ಯಾಸಾ?

ಮನೆ ಕಂಪ್ಯೂಟರಿನ ಬ್ಯಾಕಪ್‌ಗೆ ಪೋರ್ಟಬಲ್ ಹಾರ್ಡ್ ಡಿಸ್ಕ್, ಪೋರ್ಟಬಲ್ ಎಸ್‌ಎಸ್‌ಡಿ (ತಿರುಗುವ ಡಿಸ್ಕಿಲ್ಲದೆ ಚಿಪ್‌ನಲ್ಲಿ ಡೇಟಾ ಇಡುವಂಥದ್ದು), ಎರಡು ಡಿಸ್ಕಿನ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಓಟು ಹಳೇ ಹಾರ್ಡ್ ಡಿಸ್ಕಿಗೇ.

ವೇಗದಲ್ಲಿ ಎಸ್‌ಎಸ್‌ಡಿ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. 2.5 ಇಂಚಿನ ಹಾರ್ಡ್ ಡಿಸ್ಕ್ ದೊಡ್ಡ ವಿಡಿಯೊವನ್ನು ಸೆಕೆಂಡಿಗೆ ಸುಮಾರು 100 ಎಂಬಿಯಂತೆ ಬರೆದರೆ, ಎಸ್‌ಎಸ್‌ಡಿ ಅದರ ನಾಲ್ಕು ಪಟ್ಟಾದರೂ ಓಡುತ್ತದೆ. ಸಾವಿರಾರು ಸಣ್ಣ ಫೈಲಿರುವ ಫೋಲ್ಡರ್ ಕೊಟ್ಟರಂತೂ ಹಾರ್ಡ್ ಡಿಸ್ಕ್ ತೆವಳುತ್ತದೆ. ಆದರೆ ಪೂರ್ತಿ ಕಾಪಿ ಮೊದಲ ಸಲ ಮಾತ್ರ, ಆಮೇಲೆ ಬದಲಾದ ಫೈಲುಗಳಷ್ಟೇ ಹೋಗುತ್ತವೆ, ಅದನ್ನೂ ರಾತ್ರಿ ಹಾಕಿ ಮಲಗಬಹುದು. ಅಷ್ಟಕ್ಕೆ ಜಾಸ್ತಿ ದುಡ್ಡು ಯಾಕೆ?

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಎಸ್‌ಎಸ್‌ಡಿ ಡೇಟಾವನ್ನು ವಿದ್ಯುತ್ ಚಾರ್ಜ್ ರೂಪದಲ್ಲಿ ಹಿಡಿದಿಡುತ್ತದೆ, ಕರೆಂಟಿಲ್ಲದೆ ಇಟ್ಟರೆ ಅದು ನಿಧಾನವಾಗಿ ಸೋರುತ್ತದೆ. ಬರೆಯುವ ಆಯಸ್ಸು ಮುಗಿಸಿದ ಎಸ್‌ಎಸ್‌ಡಿ ಕೂಡ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಉಳಿಸಬೇಕು ಅನ್ನುತ್ತದೆ ಚಿಪ್ ಉದ್ಯಮದ ಸಂಸ್ಥೆ ಜೆಡೆಕ್‌ನ ಮಾನದಂಡ. ಹೊಸದು ಇನ್ನೂ ಜಾಸ್ತಿ ತಡೆಯುತ್ತದೆ, ಸರಿ. ಆದರೆ ಕಲಬುರಗಿಯ ಬೇಸಿಗೆಯಲ್ಲಿ ಬೀರುವಿನೊಳಗೆ 30 ಡಿಗ್ರಿ ಎಲ್ಲಿಂದ ಬರಬೇಕು? ವರ್ಷಗಟ್ಟಲೆ ಮುಟ್ಟದೆ ಇಡುವ ಮದುವೆ ಫೋಟೊಗಳಿಗೆ ನಾನು ಅದನ್ನು ನಂಬುವುದಿಲ್ಲ.

ಹಾರ್ಡ್ ಡಿಸ್ಕಿನ ದೊಡ್ಡ ದೌರ್ಬಲ್ಯ ಪೆಟ್ಟು. ತಿರುಗುತ್ತಿರುವಾಗ ಮೇಜಿನಿಂದ ಬಿದ್ದರೆ ಕಥೆ ಮುಗಿದ ಹಾಗೆ. ಹಾಗಾಗಿ ದಿನಾ ಬ್ಯಾಗಿನಲ್ಲಿ ಓಡಾಡುವುದಕ್ಕೆ ಎಸ್‌ಎಸ್‌ಡಿಯೇ ಸರಿ.

ನ್ಯಾಸ್ ಮನೆಮಂದಿಗೆಲ್ಲ ಇಷ್ಟವಾಯಿತು, ಯಾಕಂದ್ರೆ ಫೋನಿನ ಫೋಟೊಗಳು ವೈಫೈನಲ್ಲಿ ತಾವಾಗಿಯೇ ಬಂದು ಕೂರುತ್ತವೆ, ಯಾರೂ ನೆನಪಿಡಬೇಕಾಗಿಲ್ಲ. ಆದರೆ ಪೆಟ್ಟಿಗೆ ಬೇರೆ, ಡಿಸ್ಕ್ ಬೇರೆ, ಕರೆಂಟ್ ಹೋಗಿ ಬರುವ ಕಡೆ ಯುಪಿಎಸ್ ಬೇರೆ! ರೇಡ್ 1 (ಎರಡೂ ಡಿಸ್ಕಿಗೆ ಒಂದೇ ಡೇಟಾ ಬರೆಯುವ ವ್ಯವಸ್ಥೆ) ಹಾಕಿದ್ದೇವೆ, ಎರಡು ಕಾಪಿ ಇದೆ ಅಂತ ನೆಮ್ಮದಿಯಾಗಿ ಕೂರುವವರು ಬಹಳ ಜನ. ಅದು ಒಂದು ಡಿಸ್ಕ್ ಕೆಟ್ಟಾಗ ಕಾಪಾಡುತ್ತದೆ, ನಿಜ. ಆದರೆ ಒಂದು ಫೋಲ್ಡರ್ ಡಿಲೀಟ್ ಮಾಡಿದರೆ ಎರಡರಲ್ಲೂ ಹೋಗುತ್ತದೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದರೂ ಅಷ್ಟೇ. ನಾನು ನ್ಯಾಸನ್ನೇ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಮಾಡುತ್ತೇನೆ, ನಗು ಬರುತ್ತದೆ ಅಲ್ವಾ?

ಪೆನ್ ಡ್ರೈವ್ ಬಗ್ಗೆ ಕೇಳಲೇಬೇಡಿ.

ಕೊಳ್ಳುವುದಾದರೆ ಒಂದು ದೊಡ್ಡದರ ಬದಲು ಎರಡು ಸಾಧಾರಣ ಹಾರ್ಡ್ ಡಿಸ್ಕ್ ತನ್ನಿ, ಒಂದನ್ನು ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇಡಿ. 1 ಟಿಬಿ ಡಿಸ್ಕನ್ನು ವಿಂಡೋಸ್ 931 ಜಿಬಿ ಅಂತ ತೋರಿಸುತ್ತದೆ. ಕಂಪನಿಯದು 1000ದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ, ಸುಮ್ನೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.